ಅಳಿವೆ ಕಾಯುವವರು

ಚಳಿ ಶುರುವಾಗುವ ಮುನ್ನ ದಿಲ್ಲಿಯ ಪೀತಮ್‌ಪುರದ ಮನೆಮನೆಗಳಲ್ಲಿ ಮಂಚದ ಪೆಟ್ಟಿಗೆ ತೆರೆದು ಉಣ್ಣೆಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಾರೆ. ಕಳೆದ ಭಾನುವಾರ ನಾನೂ ಹಾಕಿದೆ. ನೆಂಟರಿಗೆಂದು ಎತ್ತಿಟ್ಟು ವರ್ಷಗಳಿಂದ ಹೊರತೆಗೆಯದಿದ್ದ ಹಳೆಯ ಕಂದು ಕೋಟನ್ನು ಕೊಡವಿದಾಗ ಜೇಬಿನಿಂದ ಏನೋ ಜಾರಿ ತಾರಸಿಯ ಮೇಲೆ ಟಕ್ ಎಂದು ಬಿತ್ತು. ಬಳಚಿನ ಚಿಪ್ಪು, ಹೊಳೆಯ ಕೆಸರಿನಲ್ಲಿ ಸಿಗುವ, ತಿನ್ನುವ ಜಾತಿಯ ಕಪ್ಪೆಚಿಪ್ಪು. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಅಗಲ. ಒಳಗೆಲ್ಲ ಬಿಳಿ, ಅಂಚಿಗೆ ಮಾತ್ರ ನೇರಳೆ. ಮೂಗಿಗೆ ಹಿಡಿದೆ. ನುಸಿಗುಳಿಗೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಆ ಕೋಟು ತೊಟ್ಟು ನಮ್ಮ ಅಡುಗೆಮನೆಯಲ್ಲಿ ನಿಂತಿದ್ದ ಕರಾವಳಿಯ ಅಕ್ಕ ಕಣ್ಣಮುಂದೆ ಬಂದರು...

ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅನುವಾದಕಿ. ಕನ್ನಡದ ಪತ್ರಗಳನ್ನು ಹಿಂದಿಗೆ ಮಾಡಿ ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಉತ್ತರ ಕನ್ನಡದ ಕರಾವಳಿಯಿಂದ ನಾಲ್ಕು ಪುಟದ ಕೈಬರಹದ ಪತ್ರವೊಂದು ಬಂತು. ಹೊಳೆಯ ಕೆಸರಿನಲ್ಲಿ ಬಳಚು ಆಯುವ ಹೆಂಗಸರು, ಮೀನುಗಾರರು, ದಡದ ಗದ್ದೆಗಳ ರೈತರು, ಮೂರೂ ಕಡೆಯವರು ಸಹಿ ಹಾಕಿದ್ದರು. ಒಡೆದ ಒಡ್ಡಿನ ಉದ್ದಕ್ಕೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ನೆಡುತ್ತೇವೆ, ನೆಟ್ಟು ನೋಡಿಕೊಳ್ಳುವುದು ನಮ್ಮದು, ಅನುಮತಿ ಕೊಡುವುದು ನಿಮ್ಮದು ಎಂದು ಬರೆದಿದ್ದರು. ಮಳೆಗಾಲಕ್ಕೆ ಮೊದಲು ಉತ್ತರ ಬೇಕಿತ್ತು. ಕೊನೆಯ ಸಾಲು ಹೀಗಿತ್ತು: ‘ನಾವೆಲ್ಲ ಸೇರಿ ನಮ್ಮ ಅಳಿವೆ ಕಾಯುತ್ತಿದ್ದೇವೆ.’

ನಾನು ಚಿತ್ರದುರ್ಗದ ಕಡೆಯವಳು. ಹೊಳೆ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ‘ಅಳಿವು’ ಎಂದು ಬರೆಯಲು ಹೋಗಿ ತಪ್ಪಿದ್ದಾರೆ ಎಂದುಕೊಂಡು ತಿದ್ದಿಕೊಂಡೆ. ಒಂದು ಅಕ್ಷರ ತಿದ್ದಿದ್ದಕ್ಕೆ ಪಕ್ಕದ ಮಾತಿನ ಅರ್ಥವೂ ಹೊರಳಿತು. ಕಾವಲು ಕಾಯುತ್ತಿದ್ದವರು ದಾರಿ ಕಾಯುವವರಾದರು. ಊರಿಗೆ ಊರೇ ಸೇರಿ ತನ್ನ ನಾಶವನ್ನು ಎದುರುನೋಡುತ್ತಿದೆ ಎಂದು ಹಿಂದಿಯಲ್ಲಿ ಬರೆದು ಕಳಿಸಿದೆ. ಅದನ್ನು ಓದಿದ ಅಧಿಕಾರಿ ಗಾಬರಿಯಾದರು. ಗಿಡದ ವಿಷಯ ಬದಿಗೆ ಸರಿದು, ಕೂಡಲೇ ವಿಚಾರಿಸಿ ಎಂಬ ಷರಾ ಹೊತ್ತು ಕಡತ ಜಿಲ್ಲೆಗೆ ಹೋಯಿತು. ನನಗೆ ಇದ್ಯಾವುದೂ ತಿಳಿಯಲಿಲ್ಲ. ಮಳೆಗಾಲ ಬಂದು ಹೋಯಿತು.

ಜನವರಿಯಲ್ಲಿ ಒಂದು ದಿನ, ಮಂಜಿಗೆ ಸಿಕ್ಕಿ ತಡವಾದ ರೈಲಿನಿಂದ ಇಳಿದು ಅಕ್ಕ ನೇರವಾಗಿ ಕಚೇರಿಗೆ ಬಂದರು. ಬಳಚು ಆಯುವ ಹೆಂಗಸರ ಮುಂದಾಳು ಅವರು, ಊರಿಗೆಲ್ಲ ಅಕ್ಕ. ಜೊತೆಗೆ ಹೊರಡಬೇಕಿದ್ದವರಿಗೆ ಜ್ವರ ಬಂದು ಒಬ್ಬರೇ ಬಂದಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ, ಕಾಲಿಗೆ ಹವಾಯಿ ಚಪ್ಪಲಿ. ನಾನು ಕನ್ನಡದವಳೆಂದು ಕಾವಲುಗಾರ ಅವರನ್ನು ನನ್ನ ಬಳಿಗೇ ಕರೆತಂದ.

“ಪೊಲೀಸ್ ಜೀಪು ಬಂತು ತಂಗಿ,” ಎಂದರು. “ಎಲ್ಲರೂ ಒಟ್ಟಿಗೆ ಸಾಯ್ತೀರಂತಲ್ಲ, ಯಾಕೆ ಅಂತ ಕೇಳಿದ್ರು. ಇಲ್ಲ ಸಾಹೇಬ್ರೆ, ಗಿಡ ನೆಡ್ತೇವೆ ಅಂದೆ. ದಿಲ್ಲೀಲಿ ಯಾರೋ ಪುಣ್ಯಾತ್ಮ ನಮ್ಮನ್ನೆಲ್ಲ ಕೊಂದುಬಿಟ್ಟಿದಾನೆ, ನೋಡು.”

ನಗುತ್ತಲೇ ಹೇಳಿದರು. ಆ ಪತ್ರದ ಕೊನೆಯ ಸಾಲು ನನಗೆ ನೆನಪಾಯಿತು. ಆ ಮಳೆಗೆ ಒಡ್ಡು ಇನ್ನಷ್ಟು ಒಡೆದು ಉಪ್ಪುನೀರು ಗದ್ದೆಗಳಿಗೆ ನುಗ್ಗಿತ್ತಂತೆ. ರೈತರು ಮೀನುಗಾರರನ್ನು, ಮೀನುಗಾರರು ರೈತರನ್ನು ದೂರತೊಡಗಿದ್ದರಂತೆ. ಮೂರೂ ಕಡೆಯವರನ್ನು ಒಂದು ಕಾಗದಕ್ಕೆ ತರಲು ಅವರಿಗೆ ವರ್ಷಗಳೇ ಹಿಡಿದಿದ್ದವು. ಇನ್ನೊಂದು ಮಳೆ ಹೀಗೇ ಹೋದರೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ ಎಂದರು. ಆ ಪುಣ್ಯಾತ್ಮ ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಉಳಿಯಲು ಜಾಗವಿಲ್ಲವೆಂದು ತಿಳಿದು ಮನೆಗೆ ಕರೆದುಕೊಂಡು ಹೋದೆ.

ನಡುಗುತ್ತಿದ್ದವರಿಗೆ ಈ ಕೋಟು ಕೊಟ್ಟೆ. ಚಹಾ ಕುದಿಯುವಾಗ, ಅವರ ಮುಖ ನೋಡದೆ, ಎಲ್ಲವನ್ನೂ ಹೇಳಿದೆ. ಚಹಾ ಉಕ್ಕಿತು. ಒಲೆ ಆರಿಸಿದ್ದೂ ಅವರೇ.

“ನಿಮ್ಮೂರಲ್ಲಿ ಹಳ್ಳದ ನೀರು ಎಲ್ಲಿಗೆ ಹೋಗ್ತದೆ?” ಎಂದು ಕೇಳಿದರು.

“ಕೆರೆಗೆ.”

“ಹಾಗಾದ್ರೆ ನಿಂಗೆ ಹ್ಯಾಗೆ ಗೊತ್ತಾಗ್ಬೇಕು. ಆದ್ರೆ ಕೇಳ್ಬೇಕಿತ್ತು ತಂಗಿ. ಕಾಗದದಲ್ಲಿ ಫೋನ್ ನಂಬರ್ ಇತ್ತಲ್ಲ.”

ಅಷ್ಟೇ. ಅದಕ್ಕಿಂತ ದೊಡ್ಡ ಬೈಗುಳ ನಾನು ಈವರೆಗೆ ಕೇಳಿಲ್ಲ.

ಮರುದಿನ ತಪ್ಪು ನನ್ನದೆಂದು ಬರೆದು, ಸಹಿ ಹಾಕಿ, ಹೊಸ ಅನುವಾದದೊಂದಿಗೆ ಅಧಿಕಾರಿಯ ಮುಂದಿಟ್ಟೆ. ಅವರು ನನ್ನ ಮೇಲೆ ರೇಗಿದರು, ರೇಗಬೇಕಾದದ್ದೇ. ಆಮೇಲೆ ನನ್ನ ಜೊತೆ ಬಂದಿದ್ದ ಅಕ್ಕನ ಕಡೆ ತಿರುಗಿ, ಊರಿನವರು ಗಿಡ ನೆಟ್ಟು ಮರೆತುಬಿಡುವುದಿಲ್ಲ ಎಂಬುದಕ್ಕೆ ಏನು ಖಾತ್ರಿ ಎಂದರು. ಅಕ್ಕ ಸೆರಗಿನ ಗಂಟು ಬಿಚ್ಚಿ ಈ ಚಿಪ್ಪನ್ನು ಕಡತದ ಮೇಲಿಟ್ಟರು. ಗೋವಾದಲ್ಲಿ ದುಡಿಯುವಾಗ ಕಲಿತ ಹಿಂದಿಯಲ್ಲಿ, ಇದಕ್ಕಿಂತ ಸಣ್ಣ ಬಳಚು ಸಿಕ್ಕರೆ ಕೆಸರಿಗೇ ವಾಪಸ್ ಹಾಕುತ್ತೇವೆ, ಯಾರೂ ನೋಡದಿದ್ದರೂ ಹಾಕುತ್ತೇವೆ, ನಮ್ಮಲ್ಲಿ ಕಾಯುವುದು ಎಂದರೆ ಇದು ಎಂದರು. ಅಧಿಕಾರಿ ಚಿಪ್ಪನ್ನು ತಿರುಗಿಸಿ ನೋಡಿ, “ಅಚ್ಛಾ...” ಎಂದರು. ಚಿಪ್ಪನ್ನು ಅಕ್ಕನಿಗೆ ಮರಳಿಸಿ, ಕಡತವನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ಸ್ಟೇಷನ್ನಿನಲ್ಲಿ ಎಷ್ಟು ಹೇಳಿದರೂ ಕೇಳದೆ ಕೋಟು ಬಿಚ್ಚಿ ಕೊಟ್ಟರು. ಊರಲ್ಲಿ ಇದನ್ನು ತೊಟ್ಟರೆ ಬಳಚುಗಳೇ ನಗುತ್ತವೆ ಎಂದರು. ಚಿಪ್ಪನ್ನು ಜೇಬಿನಲ್ಲಿ ಮರೆತಿದ್ದರೋ, ಬೇಕೆಂದೇ ಬಿಟ್ಟಿದ್ದರೋ... ಈಗ ಕೇಳುವಂತಿಲ್ಲ.

ಮಳೆಗೆ ಮುಂಚೆ ಅನುಮತಿ ಹೋಯಿತು. ಮೊದಲ ವರ್ಷ ನೆಟ್ಟದ್ದರಲ್ಲಿ ಅರ್ಧ ಕೊಚ್ಚಿಹೋಯಿತು, ಮತ್ತೆ ನೆಟ್ಟರು. ಈಗ ಗಿಡಗಳು ಆಳೆತ್ತರ ದಾಟಿವೆ. ಕೊಯ್ಲಾದ ಮೇಲೆ ಮೀನಿಗೆಂದು ಗದ್ದೆಗೆ ನೀರು ಬಿಡುವ ದಿನವನ್ನು ಮೂರೂ ಕಡೆಯವರು ಕೂತು ಗೊತ್ತುಮಾಡುತ್ತಾರಂತೆ, ಜಗಳವಾಡುತ್ತಲೇ. ಇದನ್ನೆಲ್ಲ ಅಕ್ಕ ಫೋನಿನಲ್ಲಿ ಹೇಳುತ್ತಿದ್ದರು. ನೋಡಲು ಬಾ, ಸ್ಟೇಷನ್ನಿಗೆ ನಾನೇ ಬಂದು ಕಾಯ್ತೇನೆ ಎನ್ನುತ್ತಿದ್ದರು. ಮುಂದಿನ ರಜೆಗೆ ಎನ್ನುತ್ತಾ ಬಂದೆ. ಈ ಮಳೆಗಾಲದಲ್ಲಿ ಅವರ ನಂಬರಿನಿಂದ ಬಂದ ಫೋನಿನಲ್ಲಿ ಬೇರೆ ಯಾರದೋ ದನಿ ಇತ್ತು...

ಚಿಪ್ಪನ್ನು ಹಿಡಿದು ತಾರಸಿಯಲ್ಲೇ ಕೂತಿದ್ದೆ. ಮಗಳು ಬಂದಳು. ದಿಲ್ಲಿಯಲ್ಲೇ ಬೆಳೆದವಳು, ಡಿಸೆಂಬರ್ ರಜೆಗೆ ಆ ಊರಿಗೆ ಹೋಗೋಣವೆಂದು ಹಟ ಹಿಡಿದು ಟಿಕೆಟ್ ಮಾಡಿಸಿದವಳೂ ಅವಳೇ. ಹೋಗಿ ಏನು ಮಾಡುವುದು, ಅಲ್ಲಿ ನಮಗಾಗಿ ಕಾಯುವವರು ಯಾರೂ ಇಲ್ಲ ಎಂದೆ.

ಅವಳು ಚಿಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಹೆಬ್ಬೆರಳಿನ ಪಕ್ಕ ಇಟ್ಟು ನೋಡಿದಳು.

“ಲೇಕಿನ್ ಮಮ್ಮಾ, ಅಲಿವೆ ಕಾಯೋರು ಇರ್ತಾರಲ್ಲಾ?”

ಅವಳ ನಾಲಿಗೆಗೆ ‘ಳ’ ಬರುವುದಿಲ್ಲ. ನಾನು ತಿದ್ದಲಿಲ್ಲ.