ಗೋಡೆಯಾಚೆಯ ಕುಟ್ಟಾಣಿ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಕೇಳಿಸಿಕೊಂಡು ಸುಮ್ಮನಾಗುವವಳು. ಎದುರಿಗೆ ನಗುತ್ತಿರಲಿಲ್ಲ, ಆದರೆ ನಂಬುತ್ತಲೂ ಇರಲಿಲ್ಲ. ಯಶವಂತಪುರದ ಮಾರುಕಟ್ಟೆಯ ಹತ್ತಿರ ನಮ್ಮದು ತಕ್ಕಡಿ, ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಸಣ್ಣ ಅಂಗಡಿ. ನನ್ನ ಗಂಡ ಬಿಚ್ಚಿ ಸರಿಮಾಡುತ್ತಾರೆ. ನಾನು ತೂಕದ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ಪರೀಕ್ಷೆ ಮಾಡುತ್ತೇನೆ. ಈರುಳ್ಳಿ ಮಂಡಿಯವರು “ಸರಿಯಾಗೈತೆ ಬಿಡಮ್ಮಾ, ಲೋಡು ನಿಂತೈತೆ ಅಲ್ಲಿ” ಎಂದು ಎಷ್ಟೇ ಅವಸರ ಮಾಡಿದರೂ ಒಮ್ಮೆ ತೂಗಿದ್ದನ್ನು ಮತ್ತೊಮ್ಮೆ ತೂಗದೆ ಕೊಡುವವಳಲ್ಲ. ಅದೇ ಅಭ್ಯಾಸದಲ್ಲಿ ಈ ಸಂಗತಿಯನ್ನೂ ಎಷ್ಟೋ ಸಲ ತೂಗಿ ನೋಡಿದ್ದೇನೆ. ಮುಳ್ಳು ಎಲ್ಲಿಯೂ ನಿಲ್ಲುವುದಿಲ್ಲ.

ಈಗಲೂ ಜನ ಕೇಳುತ್ತಾರೆ, ಕೋವಿಡ್ ಆದಮೇಲೆ ನಿನಗೇನಾದರೂ ಉಳಿದುಕೊಂಡಿದೆಯಾ ಎಂದು. ನನ್ನ ಭಾವನವರಿಗೆ ಇವತ್ತಿಗೂ ಮಹಡಿ ಹತ್ತಿದರೆ ಏದುಸಿರು. ಅಂಗಡಿಯ ಎದುರಿನ ಕಾಫಿಪುಡಿ ಅಂಗಡಿಯಾಕೆಗೆ ತಾನು ಹುರಿಯುವ ಬೀಜದ ವಾಸನೆಯೇ ತಿಳಿಯುವುದಿಲ್ಲ. ನನಗೆ ಏನೂ ಉಳಿದಿಲ್ಲ. ಉಸಿರು, ರುಚಿ, ವಾಸನೆ, ನೆನಪು ಎಲ್ಲವೂ ಇದ್ದ ಹಾಗೆಯೇ ಮರಳಿದವು. ಡಾಕ್ಟರು ನನ್ನ ಸ್ಕ್ಯಾನನ್ನು ಬೆಳಕಿಗೆ ಹಿಡಿದು, “ನಿಮಗೆ ಬಂದಿತ್ತು ಅಂತಾನೇ ಹೇಳೋಕಾಗಲ್ಲ” ಎಂದರು. ಹಾಗಾಗಿ ಕೇಳಿದವರಿಗೆಲ್ಲ ಏನೂ ಇಲ್ಲ ಎನ್ನುತ್ತೇನೆ. ಹೇಳಿ ಹೇಳಿ ಸಾಕಾಗಿದೆ.

ನಮ್ಮ ಮನೆ ಇರುವುದು ಆರ್.ಟಿ. ನಗರದ ಒಂದು ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ. ಅಲ್ಲಿ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ನಮ್ಮ ಹಿಂದಿನ ಕೋಣೆಗೂ ಪಕ್ಕದ ಜುಬೇದಾ ಖಾಲಾ ಮಲಗುವ ಕೋಣೆಗೂ ನಡುವೆ ಗೋಡೆ ಒಂದೇ. ಖಾಲಾಗೆ ಬಾಯಲ್ಲಿ ಹಲ್ಲಿಲ್ಲ, ಎಲೆ ಅಡಿಕೆಯ ಚಟ ಮಾತ್ರ ಬಿಟ್ಟಿಲ್ಲ. ದಿನವೂ ಮುಸ್ಸಂಜೆ, ಮಸೀದಿಯ ಆಜಾನ್ ಮುಗಿದು ಅವರ ನಮಾಜೂ ಆದಮೇಲೆ, ಹಿತ್ತಾಳೆಯ ಪುಟ್ಟ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಹಾಕಿ ಕುಟ್ಟುತ್ತಿದ್ದರು. ಟಕ್ಕು ಟಕ್ಕು ಎಂದು ಒಂದಿಷ್ಟು ಹೊತ್ತು, ಆಮೇಲೆ ಕುಟ್ಟಾಣಿಯ ಅಂಚಿಗೆ ಒಂದು ಏಟು. ಆ ಸದ್ದಿಗೆ ನಾನು ದೇವರ ದೀಪ ಹಚ್ಚಲು ಏಳುತ್ತಿದ್ದೆ.

ಕೋವಿಡ್ಡಿನ ಎರಡನೇ ಅಲೆಯಲ್ಲಿ ಖಾಲಾಗೂ ನನಗೂ ಹೆಚ್ಚುಕಡಿಮೆ ಒಟ್ಟಿಗೇ ಬಂತು. ಮಗಳನ್ನು ಮಾಕಳಿಯ ನಮ್ಮಮ್ಮನ ಮನೆಗೆ ಕಳಿಸಿ ನಾನು ಹಿಂದಿನ ಕೋಣೆ ಸೇರಿದೆ. ನನ್ನ ಗಂಡ ಹಾಲ್‌ನಲ್ಲಿ ಮಲಗುತ್ತಿದ್ದರು. ಗಂಜಿಯ ತಟ್ಟೆಯನ್ನು ಬಾಗಿಲ ಹೊರಗಿನ ಸ್ಟೂಲಿನ ಮೇಲಿಟ್ಟು ದೂರ ಸರಿಯುತ್ತಿದ್ದರು. ಗೋಡೆಯ ಆಚೆ ಖಾಲಾ, ಈಚೆ ನಾನು. ಮೊದಲೆರಡು ದಿನ ಫೋನಿನಲ್ಲಿ ಮಾತಾಡಿದೆವು. ಮಾತಿಗಿಂತ ಕೆಮ್ಮೇ ಹೆಚ್ಚಾಯಿತು.

“ಬೇಡ ಬೇಟಾ, ಮಾತಾಡಿದ್ರೆ ಇಬ್ರಿಗೂ ಕೆಮ್ಮು” ಎಂದರು ಖಾಲಾ. “ಸಂಜೆ ನಾನು ಕುಟ್ತೀನಿ. ನೀನು ಲೋಟ ತಗೊಂಡು ಗೋಡೆಗೆ ಮೂರು ಸಲ ಬಡಿ. ಇಬ್ರೂ ಇದೀವಿ ಅಂತ ಲೆಕ್ಕ.”

“ಬಾಯಿಗೆ ರುಚಿನೇ ಇಲ್ವಲ್ಲ ಖಾಲಾ, ಎಲೆ ಅಡಿಕೆ ಹಾಕ್ಕೊಂಡು ಏನ್ ಮಾಡ್ತೀರಾ?”

“ಬಾಯಿಗಿಲ್ದಿದ್ರೆ ಏನಾಯ್ತು, ಕೈಗೆ ಇದೆ ರುಚಿ!”

ಅಲ್ಲಿಂದ ಹಾಗೆಯೇ ನಡೆಯಿತು. ಕತ್ತಲಾಗುವ ಹೊತ್ತಿಗೆ ಆಚೆಯಿಂದ ಕುಟ್ಟಾಣಿಯ ಸದ್ದು ಬರುತ್ತಿತ್ತು. ಮಲಗಿದಲ್ಲಿಂದಲೇ ಸ್ಟೀಲ್ ಲೋಟದಿಂದ ಗೋಡೆಗೆ ಮೂರು ಸಲ ಬಡಿಯುತ್ತಿದ್ದೆ. ಆಚೆಯ ಸದ್ದು ನಿಲ್ಲುತ್ತಿತ್ತು. ದಿನದಲ್ಲಿ ನಾನು ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಅದೊಂದೇ.

ಕಾಯಿಲೆ ಏರುತ್ತಾ ಹೋಯಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿ ಇಳಿಯುತ್ತಿತ್ತು. ನನ್ನ ಗಂಡ ಹಾಲ್‌ನಲ್ಲಿ ಕುಳಿತು ಹೆಬ್ಬಾಳದಿಂದ ಯಲಹಂಕದವರೆಗೆ ಗೊತ್ತಿರುವ ಆಸ್ಪತ್ರೆಗಳಿಗೆಲ್ಲ ಫೋನು ಮಾಡುತ್ತಿದ್ದರು. ಎಲ್ಲೂ ಹಾಸಿಗೆ ಇರಲಿಲ್ಲ. ಬಾಗಿಲ ಸಂದಿಯಿಂದ ಅವರ ಮಾತು ಕೇಳುತ್ತಿತ್ತು. “ಸ್ವಲ್ಪ ನೋಡಿ ಸಾರ್, ಕಾರಿಡಾರಲ್ಲಾದ್ರೂ ಪರವಾಗಿಲ್ಲ ಸಾರ್.” ಅಂಗಡಿಯಲ್ಲಿ ಗಿರಾಕಿಗಳ ಜೊತೆ ಜಗಳಕ್ಕೆ ನಿಲ್ಲುವ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಮ್ಮಮ್ಮ ಮಾಕಳಿಯಿಂದ ಫೋನು ಮಾಡಿ ಒಂದೇ ಮಾತು ಹೇಳುತ್ತಿದ್ದಳು. “ಇಂಗೆ ಅಂಗಾತ ಮಲಗ್ಬ್ಯಾಡ ಕಣವ್ವ. ಬೋರಲು ಮಲಗು. ಟೀವೀಲಿ ಏಳವ್ರೆ.” ಡಾಕ್ಟರೂ ಅದನ್ನೇ ಹೇಳಿದ್ದರು. ಬೋರಲು ಮಲಗಿದರೆ ಅಂಕಿ ಏರುತ್ತಿತ್ತು, ಅಂಗಾತವಾದರೆ ಇಳಿಯುತ್ತಿತ್ತು. ಆದರೆ ಮಗ್ಗುಲು ಬದಲಿಸುವುದೆಂದರೆ ಮೂಟೆ ಎತ್ತಿದಷ್ಟು ಆಯಾಸ.

ಈಗ ಹೇಳಲಿರುವುದು ಒಂದು ಸಂಜೆಯ ಸಂಗತಿ. ನೆನಪಿರುವಷ್ಟನ್ನು ಮಾತ್ರ ಹೇಳುತ್ತೇನೆ.

ಆ ದಿನ ಮಧ್ಯಾಹ್ನದಿಂದಲೇ ನಾನು ಅಂಗಾತ ಮಲಗಿದ್ದೆ. ನೋವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅದನ್ನು ಹೇಳಲು ಈಗ ಸಂಕೋಚವಾಗುತ್ತದೆ. ಮಗಳು ನೆನಪಾದಳು, ಆದರೆ ಬೇರೆ ಯಾರದೋ ಮಗಳು ನೆನಪಾದ ಹಾಗೆ. ಸಾಕು ಎನ್ನಿಸಿತ್ತು, ಅಷ್ಟೇ. ಲೋಟ ಹಾಸಿಗೆಯ ಮೇಲೆ ಕೈಯ ಪಕ್ಕದಲ್ಲಿತ್ತು. ಕಿಟಕಿಯ ಬೆಳಕು ಮಾಸುತ್ತಿದ್ದಾಗ ನನ್ನ ಕೈ ತಗುಲಿ ಅದು ಕೆಳಗೆ ಬಿತ್ತು. ಉರುಳಿ ಮಂಚದ ಅಡಿಗೆ, ಬಾಗಿಲ ಕಡೆಯ ಮೂಲೆಗೆ ಹೋದ ಸದ್ದು ಕೇಳಿಸಿತು. ಬಗ್ಗಿ ತೆಗೆಯುವ ಯೋಚನೆಯನ್ನೂ ಮಾಡಲಿಲ್ಲ.

ಆಮೇಲೆ ಆಜಾನ್ ಆಯಿತು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಕುಟ್ಟಾಣಿ ಶುರುವಾಯಿತು. ಎಂದಿನಂತೆ ನಿಧಾನವಾಗಿಯೇ ಶುರುವಾಯಿತು. ನಾನು ಉತ್ತರ ಕೊಡಲಿಲ್ಲ. ಕುಟ್ಟಾಣಿಯ ಅಂಚಿಗೆ ಏಟು ಬಿತ್ತು. ಕಾಯುವಂತೆ ಒಂದು ಗಳಿಗೆ ಸದ್ದಿಲ್ಲ. ಮತ್ತೆ ಶುರುವಾಯಿತು, ಈ ಸಲ ಜೋರಾಗಿ. ಮತ್ತೆ ತಡೆ, ಮತ್ತೆ ಕುಟ್ಟು. ಕೊನೆಕೊನೆಗೆ ಅದು ಎಲೆ ಅಡಿಕೆ ಕುಟ್ಟುವ ಸದ್ದಾಗಿರಲಿಲ್ಲ. ಬಾಗಿಲು ತೆಗೆಯದ ಮನೆಯ ಮುಂದೆ ನಿಂತು ಸಿಟ್ಟಿನಿಂದ ಚಿಲಕ ಬಡಿದ ಹಾಗಿತ್ತು. ನನಗೆ ರೇಗಿತು. ಎಷ್ಟೋ ದಿನಗಳ ನಂತರ ನನ್ನೊಳಗೆ ಎದ್ದ ಮೊದಲ ಭಾವನೆ ಆ ಸಿಟ್ಟು. ಸದ್ದಿಗೆ ಬೆನ್ನು ಹಾಕಲೆಂದು ಮಂಚದ ಅಂಚನ್ನು ಹಿಡಿದು ಹೊರಳಿದೆ. ಹೊರಳಿದ್ದು ಪೂರ್ತಿ ಬೋರಲಾಯಿತು. ಮುಖ ದಿಂಬಿನಲ್ಲಿ ಹೂತು, ಎದೆಯೊಳಗೆ ಎಲ್ಲೋ ಒಂದು ಕಡೆ ಗಾಳಿ ಹೋದ ಹಾಗಾಯಿತು. ಆಚೆಯ ಸದ್ದು ನಿಂತಿತು. ನಾನು ನಿದ್ದೆ ಹೋದೆ.

ಬೆಳಿಗ್ಗೆ ಅಂಕಿ ಏರಿತ್ತು. ನನ್ನ ಗಂಡ ಎರಡು ಮಾಸ್ಕ್ ಹಾಕಿಕೊಂಡು ಒಳಗೆ ಬಂದು ನೆಲ ಒರೆಸಿದರು. ಮಂಚದ ಅಡಿಯಿಂದ ಲೋಟವನ್ನು ಒರೆಸುವ ಕೋಲಿನಿಂದಲೇ ಎಳೆದು ತೆಗೆದು, ತೊಳೆದು, ನೀರು ತುಂಬಿ ಕೊಟ್ಟರು. ಅಂದಿನಿಂದ ದಿನಕ್ಕಷ್ಟು ಸುಧಾರಿಸಿದೆ. ಸಂಜೆಯ ಕುಟ್ಟಾಣಿ, ನನ್ನ ಲೋಟ ಮೊದಲಿನಂತೆ ನಡೆದವು.

ಕೋಣೆಯಿಂದ ಹೊರಗೆ ಬಂದ ದಿನ ಜಗಲಿಯಲ್ಲಿ ಕುಳಿತು ಪಕ್ಕದ ಮನೆಯ ಕಡೆ ನೋಡಿದೆ. ಗೇಟಿಗೆ ಬೀಗ ಹಾಕಿತ್ತು. ಬೀಗದ ಮೇಲೆ ಧೂಳು ಕೂತಿತ್ತು.

“ಖಾಲಾ ಎಲ್ಲ್ರೀ?” ಎಂದೆ.

ನನ್ನ ಗಂಡ ಬಂದು ಪಕ್ಕದಲ್ಲಿ ಕುಳಿತರು. ಆಮೇಲೆ ಹೇಳಿದರು. “ಅವರನ್ನ ಆಸ್ಪತ್ರೆಗೆ ಸೇರಿಸಿ ತುಂಬಾ ದಿನ ಆಯ್ತು. ಯಲಹಂಕದ ಕಡೆ. ನಿಂಗೆ ಜೋರಾಗೋಕೆ ಮುಂಚೇನೇ. ನೀನು ಮಾತ್ರೆ ತಗೊಂಡು ಮಲಗಿದ್ದಾಗ ಆಂಬುಲೆನ್ಸ್ ಬಂದಿತ್ತು. ಸೊಸೆ, ಮಕ್ಕಳು ನೆಂಟರ ಮನೆಗೆ ಹೋದ್ರು. ನೀನು ಎದೆಗುಂದ್ತೀಯ ಅಂತ ಹೇಳ್ಲಿಲ್ಲ ಕಣೇ.”

ಕಾಯಿಲೆಯವರ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು. ನಮ್ಮ ಮನೆಯಲ್ಲೂ ಅದೇ ರೂಢಿ, ಎಲ್ಲರ ಮನೆಯಲ್ಲೂ ಅದೇ. ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ಆ ದಿನಗಳಲ್ಲಿ ಆಂಬುಲೆನ್ಸಿನ ಕೂಗು ಯಾವ ಹೊತ್ತಿನಲ್ಲೂ ಇರುತ್ತಿತ್ತು, ಯಾವುದು ಯಾರ ಮನೆಗೆ ಎಂದು ಕೇಳಿಸಿಕೊಳ್ಳುವವರೂ ಇರಲಿಲ್ಲ.

“ಮತ್ತೆ ಸಂಜೆ ಕುಟ್ಟೋರು ಯಾರು?” ಎಂದೆ.

“ಅದೇ ಕಣೇ ನಂಗೆ ಸಂಕಟ ಆಗ್ತಿದ್ದದ್ದು. ಆ ಕಡೆ ಯಾರೂ ಇಲ್ಲ, ನೀನು ಪಾಪ ದಿನಾ ಲೋಟ ಬಡೀತಿದ್ದೆ.”

ಖಾಲಾ ಆಸ್ಪತ್ರೆಗೆ ಹೋದಮೇಲೆ ನನ್ನ ಗಂಡನಿಗೆ ಕುಟ್ಟಾಣಿಯ ಸದ್ದು ಒಂದು ದಿನವೂ ಕೇಳಿಸಿರಲಿಲ್ಲ.

ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಜ್ವರ, ರಕ್ತದಲ್ಲಿ ಕಡಿಮೆಯಾದ ಆಕ್ಸಿಜನ್, ಅಭ್ಯಾಸವಾದ ಕಿವಿ, ಇಷ್ಟಿದ್ದರೆ ಸಾಕು, ಇಲ್ಲದ ಸದ್ದು ಕೇಳುತ್ತದೆ. ನಾನು ಹಾಗೆಯೇ ಅಂದುಕೊಂಡೆ. ಖಾಲಾ ತೀರಿಹೋಗಿರಬಹುದು, ಅದನ್ನೂ ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬಂದು ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಆದರೆ ಖಾಲಾ ಬಂದರು. ಮಗ ಇಮ್ರಾನ್ ಕಾರಿನಿಂದ ಕೈಹಿಡಿದು ಇಳಿಸಿದ. ತುಂಬಾ ಸೊರಗಿದ್ದರು, ಆದರೆ ನಡೆದೇ ಒಳಗೆ ಹೋದರು. ಅವರಿಗೂ ಈ ಕಾಯಿಲೆಯ ಕುರುಹು ಏನೂ ಉಳಿಯಲಿಲ್ಲ. ಅವರು ಬಂದ ಮೇಲೆ ಒಂದು ವಾರ ಬಿಟ್ಟು ನೋಡಲು ಹೋದೆ. ನಾನು ಬಾಯಿ ತೆಗೆಯುವ ಮೊದಲೇ ನನ್ನ ಕಿವಿ ಹಿಂಡುವಂತೆ ಕೈಚಾಚಿದರು.

“ಎಲ್ಲೇ ಹೋಗಿದ್ದೆ ಆವತ್ತು? ಬಡಿದೂ ಬಡಿದೂ ನನ್ ಕೈ ಬಿದ್ದೋಯ್ತು!”

ಯಾವತ್ತು ಎಂದು ಕೇಳಿದೆ.

“ಅದೇ, ನೀನು ಉತ್ತರ ಕೊಡ್ಲಿಲ್ವಲ್ಲ, ಆವತ್ತು. ಅಲ್ಲಿ ಕುಟ್ಟಾಣಿ ಎಲ್ಲಿಂದ ತರ್ಲಿ ಬೇಟಾ? ಈ ಉಂಗುರದಲ್ಲೇ ಮಂಚದ ಕಬ್ಬಿಣಕ್ಕೆ ಬಡೀತಿದ್ದೆ ಸಂಜೆ ಸಂಜೆ. ಜ್ವರದಲ್ಲಿ ಅದೇ ನಮ್ಮನೆ ಗೋಡೆ ಅಂತಿತ್ತು ತಲೇಲಿ. ನಿನ್ ಲೋಟ ಟಣ್ ಟಣ್ ಅಂತ ಬರೋದು. ಆವತ್ತೊಂದು ದಿನ ಬರ್ಲೇ ಇಲ್ಲ. ನಂಗೆ ಬಂತು ನೋಡು ಕೋಪ! ಸಿಸ್ಟರ್ ಬೈದ್ಳು, ‘ಅಜ್ಜಿ, ಬೇರೆಯವರು ಮಲಗ್ಬೇಕು’ ಅಂತ. ನಾನೆಲ್ಲಿ ಬಿಡ್ತೀನಿ?”

ಇಮ್ರಾನ್ ಬಾಗಿಲಲ್ಲಿ ನಿಂತು ನಗುತ್ತಿದ್ದ. “ಹೌದು ಅಕ್ಕಾ, ಸಿಸ್ಟರ್ ನನಗೂ ಕಂಪ್ಲೇಂಟ್ ಮಾಡಿದ್ರು ಫೋನಲ್ಲಿ. ಕುಟ್ಟಾಣಿ ಚೀಲದಲ್ಲಿ ಹಾಕಿದ್ದೆ, ಒಳಗೆ ಬಿಡ್ಲಿಲ್ಲ. ಅಷ್ಟು ದಿನಾನೂ ನನ್ ಗಾಡಿ ಡಿಕ್ಕಿಯಲ್ಲೇ ಇತ್ತು.”

“ಆಮೇಲೆ?” ಎಂದೆ.

“ಆಮೇಲೇನು, ಕೊನೆಗೂ ಬಡಿದೆಯಲ್ಲ ನೀನು. ಮೂರು ಸಲ. ನಿಧಾನಕ್ಕೆ ಬಂತು, ಆದ್ರೆ ಬಂತು. ಇದ್ದಾಳೆ ಹುಡುಗಿ ಅಂತ ನಿಲ್ಸಿದೆ. ಆವತ್ತು ನಿದ್ದೆ ಬಂದಿದ್ದು ನೋಡು, ಅಲ್ಲಿಂದ ವಾಸಿಯಾಗ್ತಾ ಬಂದೆ. ನೀನು ಉಳಿಸಿದೆ ಬೇಟಾ ನನ್ನ.”

ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

ಅಂದು ರಾತ್ರಿ ಊಟಕ್ಕೆ ಬಡಿಸುತ್ತಾ, ಏನೂ ಆಗಿಲ್ಲದವಳ ಹಾಗೆ ಗಂಡನನ್ನು ಕೇಳಿದೆ. ನನಗೆ ತೀರಾ ಜೋರಾಗಿದ್ದ ಆ ಸಂಜೆ ಲೋಟ ಬಡಿದದ್ದು ಕೇಳಿಸಿತ್ತಾ ಎಂದು.

“ಕೇಳಿಸ್ದೇ ಏನು? ತಡವಾಗಿ ಬಡಿದೆ ಆವತ್ತು. ಬಾಗಿಲು ತೆಗೆದು ಒಳಗೆ ಬರೋದೇ ಅಂತ ಎದ್ದಿದ್ದೆ. ಲೋಟದ ಸದ್ದು ಬಂತು, ಸಮಾಧಾನ ಆಯ್ತು, ಕೂತ್ಕೊಂಡೆ.”

ಅವರು ಸಾರು ಕಲಸಿಕೊಂಡು ಉಣ್ಣತೊಡಗಿದರು. ಮರುದಿನ ಬೆಳಿಗ್ಗೆ ಮಂಚದ ಅಡಿಯ ದೂರದ ಮೂಲೆಯಿಂದ ಕೋಲಿನಿಂದ ಆ ಲೋಟವನ್ನು ಎಳೆದು ತೆಗೆದವರು ಅವರೇ. ಅದು ಅವರಿಗೆ ಹೊಳೆಯಲಿಲ್ಲ. ನಾನೂ ನೆನಪಿಸಲಿಲ್ಲ.

ಮೊದಲು ಬಡಿದು ಆಮೇಲೆ ಬೀಳಿಸಿ, ಬಡಿದದ್ದನ್ನು ಮರೆತಿರಬಹುದೇ? ಆ ಸ್ಥಿತಿಯಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಲೋಟ ಉರುಳಿದಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು, ಆಜಾನ್ ಆಗಿರಲಿಲ್ಲ. ಒಂದು ವೇಳೆ ನನ್ನ ನೆನಪೇ ತಪ್ಪಿದ್ದರೂ, ನಮ್ಮ ಗೋಡೆಗೆ ಬಡಿದ ಲೋಟ ಮೈಲುಗಟ್ಟಲೆ ದೂರದ ಯಲಹಂಕದ ವಾರ್ಡಿನಲ್ಲಿ ಹೇಗೆ ಕೇಳಿಸಬೇಕು? ನಮ್ಮಲ್ಲಿ ಒಬ್ಬರು ಸತ್ತಿದ್ದರೆ ಜನ ಇದಕ್ಕೊಂದು ಹೆಸರು ಕೊಡುತ್ತಿದ್ದರು, ನಾನು ಅದನ್ನು ನಂಬದೆ ಇರಬಹುದಿತ್ತು. ಇಬ್ಬರೂ ಬದುಕಿದ್ದೇವೆ, ಗಟ್ಟಿಮುಟ್ಟಾಗಿದ್ದೇವೆ. ಇದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಖಾಲಾ ಈಗಲೂ ಯಾರಾದರೂ ಮನೆಗೆ ಬಂದರೆ ಗೋಡೆಯ ಕಡೆ ಕೈ ತೋರಿಸಿ ಹೇಳುತ್ತಾರೆ, “ಆ ಕಡೆ ಇರೋಳು ಉಳಿಸಿದ್ದು ನನ್ನ.” ಎದುರಿಗಿದ್ದರೆ ನಾನು ತಲೆ ತಗ್ಗಿಸಿ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಆ ಸಂಜೆ ಲೋಟ ನನ್ನ ಕೈಯಲ್ಲಿರಲಿಲ್ಲ ಎಂದು ಆಕೆಗೆ ಇದುವರೆಗೂ ಹೇಳಿಲ್ಲ. ವಯಸ್ಸಾದವರು, ಎದೆಗುಂದಿಯಾರು ಎಂದು.