‘ಯಾಕೆ’ ಅಂದ ತಪ್ಪಿಗೆ ಒಂದು ಮೀನು

ಮೀನು ತಿಂದೆ ಎಂದು ಒಪ್ಪಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಮ್ಮದು ಮೀನು ತಿನ್ನುವ ಮನೆಯೇ. ಆದರೆ ಆ ಒಂದು ಮೀನನ್ನು ತಿನ್ನಬಾರದಿತ್ತು. ತಿಂದ ಮೇಲಾದರೂ ನಿಜ ಹೇಳಬೇಕಿತ್ತು. ಹೇಳುವುದಕ್ಕೆ ಒಂದು ವರ್ಷ ತೆಗೆದುಕೊಂಡೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರು ಕಡೆಯ ಬಸ್ಸುಗಳಲ್ಲಿ ಮೂವತ್ತನಾಲ್ಕು ವರ್ಷ ಕಂಡಕ್ಟರಾಗಿದ್ದವನು. ಮಗಳು ಜಪಾನಿನಲ್ಲಿ, ಶಿನಾಗಾವಾದ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ, ಮನೆ ಗ್ಯೋಟೋಕುವಿನಲ್ಲಿ. ವರ್ಷಕ್ಕೊಮ್ಮೆ, ಚಳಿ ಇಳಿಯುವ ಹೊತ್ತಿಗೆ ಬಂದು ಮೂರು ತಿಂಗಳು ಇರುತ್ತೇನೆ. ಅದೇ ಕಟ್ಟಡದಲ್ಲಿ ಕೆಲಸದಿಂದ ನಿವೃತ್ತರಾದ ಬಡಗಿಯೊಬ್ಬರಿದ್ದಾರೆ, ನನಗಿಂತ ಎರಡು ವರ್ಷ ಚಿಕ್ಕವರು. ಅವರು ನನ್ನನ್ನು ‘ಇಂದೊ-ಸಾನ್’ ಎನ್ನುತ್ತಿದ್ದರು, ಇಂದೊ ಅಂದರೆ ಇಂಡಿಯಾ. ನಾನು ಅವರನ್ನು ಬರೀ ‘ಸಾನ್’ ಎನ್ನುತ್ತಿದ್ದೆ. ಅದು ನಮ್ಮ ‘ಸಾರ್’ ಇದ್ದ ಹಾಗೆ ಎಂದುಕೊಂಡಿದ್ದೆ. ಹೆಸರು ಬಿಟ್ಟು ಬರೀ ಬಾಲ ಹಿಡಿದು ಕರೆಯುತ್ತಿದ್ದೇನೆ ಎಂದು ಯಾರೂ ಹೇಳಲಿಲ್ಲ. ಅವರು ಮಾತ್ರ ಪ್ರತಿಸಲವೂ ತಲೆ ಬಾಗಿಸಿ ‘ಹಾಯ್’ ಎಂದು, ಅಂದರೆ ಅವರ ಭಾಷೆಯ ‘ಹೂಂ’ ಎಂದು, ಓಗೊಡುತ್ತಿದ್ದರು.

ಹೋದ ವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವರು ತಮ್ಮ ಪುಟ್ಟ ಟ್ರಕ್ಕಿಗೆ ಗಾಳದ ಕೋಲು ಏರಿಸುತ್ತಿದ್ದರು. ನಾನು ನೋಡುತ್ತ ನಿಂತೆ. ಪಕ್ಕದ ಸೀಟು ತಟ್ಟಿ ತೋರಿಸಿದರು. ಹತ್ತಿ ಕೂತೆ. ನನಗೆ ಜಪಾನೀಸ್ ಬಾರದು, ಅವರಿಗೆ ಕನ್ನಡ ಬಾರದು, ಇಂಗ್ಲಿಷ್ ಇಬ್ಬರಿಗೂ ಬಾರದು. ಹಾಗಾಗಿ ದಾರಿಯುದ್ದಕ್ಕೂ ಜಗಳವಿಲ್ಲದೆ ಹೋದೆವು.

ಗದ್ದೆಗಳ ನಡುವೆ ಒಂದು ಸಣ್ಣ ತೊರೆ. ಗದ್ದೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ತೊರೆಯ ನೀರು ಕೈ ಇಟ್ಟರೆ ಕೊರೆಯುತ್ತಿತ್ತು. ಅಷ್ಟು ಚಳಿಯಲ್ಲಿ ಮೀಸೆ ಮೀನು ಓಡಾಡುವುದಿಲ್ಲ, ಮೋರಿಯ ಕೆಳಗೆ ಸುಮ್ಮನೆ ಬಿದ್ದಿರುತ್ತದೆ. ಎರೆಹುಳುವನ್ನು ಅದರ ಮೂತಿಯ ಮುಂದೆಯೇ ಇಳಿಬಿಟ್ಟು ಕಾಯಬೇಕು. ಕಾದೆವು. ನಾನು ಎರಡು ಸಲ ತೂಕಡಿಸಿದೆ. ಮೂರನೆಯ ಸಲ ತೂಕಡಿಸುವಷ್ಟರಲ್ಲಿ ಕೋಲು ಬಾಗಿತು.

ಮೇಲೆ ಬಂದದ್ದು ಮೊಳಕ್ಕಿಂತ ಉದ್ದದ ಮೀನು. ರೊಟ್ಟಿಯ ಹಂಚಿನಂಥ ಚಪ್ಪಟೆ ತಲೆ, ನಾಲ್ಕು ಮೀಸೆ, ನಿದ್ದೆಯಲ್ಲಿ ಎಬ್ಬಿಸಿದರೆ ಪ್ಯಾಸೆಂಜರು ಮಾಡುವಂಥ ಮುಖ. ಬಡಗಿ ಅದನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಕೋಲಿನ ಪಕ್ಕಕ್ಕಿಟ್ಟು ಅಳೆದು, ಕೋಲಿಗೆ ಒಂದು ಕೆಂಪು ಟೇಪು ಸುತ್ತಿದರು. ಅಲ್ಲಿ ಆಗಲೇ ಏಳು ಟೇಪುಗಳಿದ್ದವು. ಇವರು ಇಂಥವು ಏಳು ಹಿಡಿದಿದ್ದಾರೆ ಎಂದು ನಾನು ಮೆಚ್ಚಿಕೊಂಡೆ. ಆಮೇಲೆ ಅವರು ಮೀನನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗೆ ಬಿಡಲು ಬಗ್ಗಿದರು.

“ಯಾಕೆ?” ಅಂದೆ. ಇಷ್ಟು ಹೊತ್ತು ಕಾದು ಹಿಡಿದದ್ದನ್ನು ಬಿಡುವುದು ಯಾಕೆ ಎಂದು ನನ್ನ ಪ್ರಶ್ನೆ. ನನ್ನದು ಕೊನೆಯ ಸೀಟಿಗೂ ಕೇಳಿಸುವ ಗಂಟಲು.

ಅವರು ಬಗ್ಗಿದಲ್ಲೇ ನಿಂತರು. “ಯಕು?” ಅಂದರು ಮೆಲ್ಲಗೆ.

ನನಗೆ ಸಂತೋಷವಾಯಿತು. ಮನುಷ್ಯ ಕನ್ನಡ ಕಲಿಯುತ್ತಿದ್ದಾರೆ. “ಯಕು ಅಲ್ಲ ಸಾನ್, ಯಾಕೆ. ಯಾ-ಕೆ.”

ಮೀನನ್ನು ನೋಡಿದರು, ನನ್ನನ್ನು ನೋಡಿದರು. “ಹೊಂತೋ?” ಎಂದರು; ‘ನಿಜವಾಗ್ಲೂ?’ ಎಂದರ್ಥ ಎಂದು ಆಮೇಲೆ ತಿಳಿಯಿತು. ನಾನು ನಮ್ಮ ಪದ್ಧತಿಯಂತೆ ಹೂಂ ಎಂದು ತಲೆಯನ್ನು ಆ ಕಡೆ ಈ ಕಡೆ ಆಡಿಸಿದೆ. ಅವರು ಟ್ರಕ್ಕಿನಿಂದ ಒಲೆ ಮತ್ತು ಚಾಕು ತಂದರು. ಮೀನಿಗೆ ಕೈ ಮುಗಿದರು. ನಾನೂ ಮುಗಿದೆ, ಇದು ಇಲ್ಲಿಯ ಶಾಸ್ತ್ರ ಇರಬೇಕು ಎಂದು. ಸೋಯಾ ಸಾಸು ಸವರಿ ಸುಟ್ಟು ನನ್ನ ಮುಂದಿಟ್ಟರು. ಚೆನ್ನಾಗಿತ್ತು. ಅವರ ಕಣ್ಣಲ್ಲಿ ನೀರಿತ್ತು, ಹೊಗೆಗೆ ಇರಬೇಕು ಎಂದುಕೊಂಡು ಇನ್ನೊಂದು ತುಂಡು ಹಾಕಿಸಿಕೊಂಡೆ.

ನಾಲ್ಕು ದಿನದ ಮೇಲೆ ಮಗಳು ಲಿಫ್ಟಿನಲ್ಲಿ ಅವರನ್ನು ಮಾತಾಡಿಸಿ ಮೇಲೆ ಬಂದಳು.

“ಅಪ್ಪಾ, ನೀವು ಅವ್ರಿಗೆ ಏನಂದ್ರಿ?”

“ಏನೂ ಅನ್ಲಿಲ್ಲಮ್ಮ. ಯಾಕೆ ಅಂದೆ, ಅಷ್ಟೆ.”

ಶೂ ಬಿಚ್ಚುತ್ತಿದ್ದವಳು ಅಲ್ಲೇ ಕೂತಳು. “ಜಪಾನೀಸಲ್ಲಿ ಯಾಕೆ ಅಂದ್ರೆ ಸುಡು ಅಂತ. ಪ್ಲೀಸ್ ಇಲ್ಲ, ಏನಿಲ್ಲ. ಆರ್ಡರ್. ಸುಡೋ ಅಂದಂಗೆ.”

“ಮತ್ತೆ ಅವ್ರು ಯಕು ಅಂದ್ರಲ್ಲ?”

“ಸುಡ್ಲಾ ಅಂತ ಕೇಳಿದಾರೆ, ಪಾಪ. ನೀವೇನು ಮಾಡಿದ್ರಿ?”

“ಉಚ್ಚಾರಣೆ ತಿದ್ದಿದೆ.”

ಅವಳು ಲಿಫ್ಟಿನಲ್ಲಿ ಕೇಳಿದ್ದನ್ನು ಹೇಳಿದಳು. ಆ ಎಂಟು ಟೇಪು ಎಂಟು ಮೀನಲ್ಲವಂತೆ. ಒಂದೇ ಮೀನು, ಎಂಟು ವಸಂತ. ಪ್ರತಿ ಮಾರ್ಚಿನಲ್ಲೂ ಅದೇ ಮೋರಿಯ ಕೆಳಗೆ ಅದನ್ನೇ ಹಿಡಿದು, ಎಷ್ಟು ಬೆಳೆದಿದೆ ಎಂದು ಅಳೆದು ಬಿಡುತ್ತಿದ್ದರಂತೆ. ಲಿಫ್ಟಿನಲ್ಲಿ ಅವರು ಇಷ್ಟನ್ನೂ ಹೇಳಿ, ನಿಮ್ಮ ತಂದೆಗೆ ರುಚಿಸಿತಲ್ಲ, ಅದೇ ಸಮಾಧಾನ ಎಂದರಂತೆ.

“ಹೋಗಿ ಹೇಳ್ಬಿಡೋಣ ಬನ್ನಿ,” ಎಂದಳು.

“ಏನಂತ? ನಿಮ್ಮ ಮೀನು ಒಂದು ಪ್ರಶ್ನೆಗೆ ಸತ್ತೋಯ್ತು ಅಂತಾನಾ? ಈಗ ಅತಿಥಿಗೆ ಬಡಿಸಿದೆ ಅನ್ನೋ ಸಮಾಧಾನನಾದ್ರೂ ಇದೆ. ಅದೂ ಹೋಗ್ಲಾ?”

ಮಾತು ನ್ಯಾಯವಾಗಿ ಕೇಳಿಸಿತು. ನ್ಯಾಯವಲ್ಲ, ಹೆದರಿಕೆ ಎಂದು ನನಗೆ ಗೊತ್ತಿತ್ತು. ಇದ್ದ ಒಬ್ಬ ಗೆಳೆಯ ಕೈ ತಪ್ಪಿ ಹೋಗುತ್ತಾರೆ ಎಂಬ ಹೆದರಿಕೆ. ಊರಿಗೆ ಹೊರಡುವವರೆಗೆ ಲಿಫ್ಟು ಹತ್ತದೆ ಆರು ಮಹಡಿ ಮೆಟ್ಟಿಲಿಳಿದೆ. ಹೋಗುವಾಗ ಅವರಿಗೆ ಹೇಳಿಯೂ ಹೋಗಲಿಲ್ಲ.

ಈ ವರ್ಷ ಬಂದ ಎರಡನೆಯ ದಿನವೇ ಅವರು ಬಾಗಿಲು ತಟ್ಟಿದರು, ಕೈಯಲ್ಲಿ ಕೋಲು. ಮಗಳು ನನ್ನ ಫೋನಿಗೆ ಅನುವಾದ ಮಾಡುವ ಒಂದು ಆ್ಯಪು ಹಾಕಿಕೊಟ್ಟು, “ಅಪ್ಪಾ, ಇವತ್ತು ಹೇಳದೆ ಮನೆಗೆ ಬರ್ಬೇಡಿ,” ಎಂದಳು.

ಅದೇ ಮೋರಿಯ ಬಳಿ ಕೂತೆವು. ನಾನು ಫೋನಿಗೆ ಎಲ್ಲವನ್ನೂ ಹೇಳಿದೆ. ಕನ್ನಡದಲ್ಲಿ ಯಾಕೆ ಅಂದರೆ ಏನು, ತಲೆ ಆಡಿಸಿದ್ದು ಯಾಕೆ, ಇಷ್ಟು ದಿನ ಮುಖ ತಪ್ಪಿಸಿದ್ದು ಯಾಕೆ. ಫೋನು ಅದನ್ನು ಜಪಾನೀಸಿನಲ್ಲಿ ಒಪ್ಪಿಸಿತು. ಅವರು ಫೋನು ಕೇಳಿ ತೆಗೆದುಕೊಂಡು ಏನೋ ಹೇಳಿದರು. ಅದರೊಳಗಿನ ಹೆಂಗಸು ಪಾಠ ಓದುವ ಧ್ವನಿಯಲ್ಲಿ ಅಂದಳು: “ನಿಮ್ಮ ಪ್ರಶ್ನೆಗೆ ಉತ್ತರ. ಮೊದಲ ವರ್ಷ ರುಚಿಯಿರುವುದಿಲ್ಲವೆಂದು ಬಿಟ್ಟೆನು. ನಂತರ ಅದು ಬೆಳೆಯುವುದನ್ನು ನೋಡಲು ಬಿಟ್ಟೆನು.”

“ತಪ್ಪಾಯ್ತು ಸಾನ್,” ಎಂದೆ. ಅವರ ಭಾಷೆಯಲ್ಲಿ ಗೊಮೆನ್ನಸಾಯ್ ಎಂದೂ ಸೇರಿಸಿದೆ.

ಅವರು ತಲೆಯಲ್ಲಾಡಿಸಿ, ಕ್ಷಮೆ ಕೇಳಬೇಕಾದ್ದು ನನ್ನನ್ನಲ್ಲ ಎಂಬಂತೆ ತಮ್ಮ ಎದೆ ಮುಟ್ಟಿಕೊಂಡು, ಮೋರಿಯ ಕಡೆ ಬೆರಳು ತೋರಿಸಿದರು.

ಎದ್ದು ಮೋರಿಯ ಬಾಯಿಗೆ ಹೋಗಿ ಬಗ್ಗಿ ನಿಂತೆ. ನನಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. “ಅಪ್ಪಾ, ನಿಮ್ಮೋರನ್ನ ಒಬ್ಬರನ್ನ ನಾನು ತಿಂದ್ಬಿಟ್ಟೆ. ಗೊತ್ತಿಲ್ದೆ ಆಯ್ತು. ಎರಡನೇ ತುಂಡು ಮಾತ್ರ ಆಸೆಗೆ ತಿಂದೆ,” ಎಂದೆ. ಮೋರಿ ಅದನ್ನು ಇಮ್ಮಡಿ ಮಾಡಿ ಗದ್ದೆಗೆಲ್ಲ ಸಾರಿತು. ಒಳಗೆ ಏನೋ ದೊಡ್ಡದೊಂದು ಬುಳಕ್ಕೆಂದು ಆಚೆ ಕಡೆಯಿಂದ ಹೊರಟೇ ಹೋಯಿತು.

ಆ ದಿನ ಮತ್ತೆ ಒಂದೂ ಗಾಳಕ್ಕೆ ಬರಲಿಲ್ಲ. ಬಡಗಿ ಕೋಲು ಮಡಚಿ, ಫೋನಿಗೆ ನಾಲ್ಕು ಮಾತು ಹೇಳಿ ನನ್ನ ಕಿವಿಯ ಬಳಿ ಹಿಡಿದರು.

“ಮುಂದಿನ ಶನಿವಾರ,” ಎಂದಳು ಆ ಹೆಂಗಸು, “ದಯವಿಟ್ಟು ಬಾಯಿ ಮುಚ್ಚಿಕೊಂಡು ಬನ್ನಿರಿ.”