ಬೂದು ಮಸಿಯಲ್ಲಿ ಬರೆದ ಹೆಸರು

ಪಿಯುಸಿ ಪಾಸಾದ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು "ನಿನ್ನ ಹೆಸರ ಬರದು ತೋರಸು" ಎಂದರೆ ಹೇಗಾಗಬೇಕು, ನೀವೇ ಹೇಳಿ. ನನಗಂತೂ ಮೈಯೆಲ್ಲ ಉರಿಯಿತು. ಈಗ ತಲೆ ಪೂರಾ ಬೆಳ್ಳಗಾಗಿದೆ, ಆ ಉರಿ ಮಾತ್ರ ಇನ್ನೂ ಆರಿಲ್ಲ. ಹಳೆಯದನ್ನೆಲ್ಲ ಯಾಕೆ ಕೆದರುತ್ತೀ, ಬಿಟ್ಟುಬಿಡು ಎನ್ನುವವರಿದ್ದಾರೆ. ಬಿಡುವುದಿಲ್ಲ. ಅವರಿಗೇನು, ಹೇಳುವುದು ಸುಲಭ, ಅಲ್ಲಿ ಕೂತವಳು ನಾನು.

ನಮ್ಮದು ನವಲಗುಂದ ತಾಲ್ಲೂಕಿನ ಎರೆಭೂಮಿಯ ಹಳ್ಳಿ. ಎಂಬತ್ತರ ದಶಕದ ನಡುವಿನ ಮಾತು. ದಿನಾ ಬಸ್ಸು ಹತ್ತಿ ನವಲಗುಂದಕ್ಕೆ ಹೋಗಿ ಪಿಯುಸಿ ಮುಗಿಸಿದ ಹುಡುಗಿ ನಮ್ಮ ಓಣಿಯಲ್ಲಿ ನಾನೊಬ್ಬಳೇ. ಮುಂದೆ ಧಾರವಾಡದಲ್ಲಿ ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಕಲಿತು ಶಾಲೆಯ ಅಕ್ಕೋರಾಗಬೇಕು ಎಂಬುದು ನನ್ನ ಆಸೆ. ಆಸೆ ಎಂದರೆ ಸಣ್ಣದಾಯಿತು. ಅದೊಂದು ಬಿಟ್ಟರೆ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅರ್ಜಿಯ ಫಾರ್ಮು ತರಿಸಿ, ಒಂದು ಅಕ್ಷರ ತಪ್ಪಿಲ್ಲದಂತೆ ತುಂಬಿ ಇಟ್ಟಿದ್ದೆ. ಒಂದೇ ಒಂದು ಜಾಗ ಖಾಲಿ ಇತ್ತು. ಪಾಲಕರ ಸಹಿ.

ಅಪ್ಪ ಆ ಫಾರ್ಮನ್ನು ಎರಡು ಸಲ ಓದಿ ಮಡಿಚಿಟ್ಟ. "ಕುಂದಗೋಳ ಕಡಿಂದ ಒಂದು ಮನಿತನದವರು ನಿನ್ನ ನೋಡಾಕ ಬರ್ತಾರ. ಅವರು ಹೂಂ ಅಂದ್ರ ಮದುವಿ. ಒಲ್ಲೆ ಅಂದ್ರ ಸಹಿ ಮಾಡ್ತೀನಿ, ಹೋಗಿ ಕಲಿ" ಎಂದ. ಏನು ಕರಾರು ನೋಡಿ! ಅವರು ಹೂಂ ಎನ್ನಬಹುದು, ಅವರು ಒಲ್ಲೆ ಎನ್ನಬಹುದು. ನಾನು ಏನೆನ್ನುತ್ತೇನೆ ಎಂಬುದಕ್ಕೆ ಆ ಕರಾರಿನಲ್ಲಿ ಜಾಗವೇ ಇಲ್ಲ. ಆದರೂ ಒಪ್ಪಿದೆ. ಅಪ್ಪ ಕೆಟ್ಟವನಲ್ಲ, ಮಾತು ಕೊಟ್ಟರೆ ತಪ್ಪುವವನೂ ಅಲ್ಲ ಎಂದು ನನಗೆ ಗೊತ್ತಿತ್ತು. ಫಾರ್ಮು ಕೊಡಲು ಇನ್ನೂ ಎರಡು ವಾರ ಇತ್ತು.

ಆ ಮಸಿಯ ಬಾಟಲಿ ನನ್ನ ಕೈಗೆ ಬಂದದ್ದು ಅದೇ ವಾರ. ನನ್ನ ಸೋದರಮಾವನದು ಅಳ್ನಾವರದಲ್ಲಿ ಸ್ಟೇಶನ್ನಿನ ಬಾಜೂಕೆ ಒಂದು ಸಣ್ಣ ಅಂಗಡಿ. ರೈಲು ಹತ್ತಿ ಗೋವಾಕ್ಕೆ ಹೋಗಿ ಏನೇನೋ ಸಾಮಾನು ತಂದು ಮಾರುತ್ತಿದ್ದ. ನಾನು ಪಾಸಾದ ಸುದ್ದಿ ಕೇಳಿ ಬಂದವನು ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಕೊಟ್ಟ. "ಹಡಗದಾಗಿಂದ ಇಳದ ಮಾಲು. ಇಂಥಾ ಬಣ್ಣ ಹುಬ್ಬಳ್ಳ್ಯಾಗೂ ಸಿಗೂದಿಲ್ಲ" ಎಂದು ಎದೆ ಉಬ್ಬಿಸಿದ. ಬಾಟಲಿಯೊಳಗೆ ಕಪ್ಪಗೆ ಕಾಣುತ್ತಿತ್ತು. ಕಪ್ಪು ಮಸಿಗೆ ಇಷ್ಟು ಬಡಿವಾರವೇ ಎಂದುಕೊಂಡೆ. ಬರೆದು ನೋಡು, ಆಮೇಲೆ ಹೇಳು ಎಂದು ಮಾವ ನಕ್ಕು ಹೋದ.

ಬರೆದು ನೋಡಿದ್ದು ಸೋಮವಾರ ಬೆಳಿಗ್ಗೆ. ಮಧ್ಯಾಹ್ನ ಕುಂದಗೋಳದವರು ಬರುವವರಿದ್ದರು. ಅವ್ವ ಒಲೆಯ ಮುಂದೆ ರವೆ ಹುರಿಯುತ್ತಿದ್ದಳು. ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಪೆನ್ನು ಬಿಚ್ಚಿದೆ. ನನ್ನ ಬಳಿ ಇದ್ದದ್ದು ಅದೊಂದೇ ಪೆನ್ನು. ಒಳಗಿನ ಹಳೆ ನೀಲಿ ಹೋಗುವವರೆಗೆ ನಾಲ್ಕು ಸಲ ನೀರಲ್ಲಿ ತೊಳೆದೆ, ನಿಬ್ಬು ಒರೆಸಿದೆ, ಡ್ರಾಪರಿನಿಂದ ಹೊಸ ಮಸಿ ತುಂಬಿದೆ. ಮೊದಲು ಕ್ಯಾಲೆಂಡರಿನ ಹಿಂಬದಿಯಲ್ಲಿ ಶ್ರೀ ಬರೆದೆ. ಹಸಿ ಇದ್ದಾಗ ಕಪ್ಪೇ. ಆರುತ್ತ ಬಂದಂತೆ ಕಪ್ಪು ಇಳಿದು ಇಳಿದು ಬೂದು ಬಣ್ಣವಾಗಿ ನಿಂತಿತು. ಅಯ್ಯ! ಎಂದು ನನ್ನಷ್ಟಕ್ಕೆ ನಾನೇ ಕೂಗಿದೆ. ನಮ್ಮ ಎರೆಹೊಲ ಹಸಿ ಇದ್ದಾಗ ಕಪ್ಪಗಿದ್ದು, ಬೇಸಿಗೆಯಲ್ಲಿ ಒಣಗಿದಾಗ ಆಗುವ ಬಣ್ಣ ಅದು.

ಆಮೇಲೆ ನೋಟ್‌ಬುಕ್ಕಿನ ಕಾಗದದಲ್ಲಿ ಬರೆದೆ, ಸುದ್ದಿಪತ್ರಿಕೆಯ ಅಂಚಿನಲ್ಲಿ ಬರೆದೆ. ಪತ್ರಿಕೆಯ ಕಾಗದ ಮಸಿಯನ್ನು ಕುಡಿದು ಹರಡಿಬಿಟ್ಟಿತು. ನೋಟ್‌ಬುಕ್ಕಿನಲ್ಲಿ ಮಾತ್ರ ಅಗದಿ ಚಂದ. ಅಕ್ಷರ ಶುರುವಾಗುವಲ್ಲಿ ತಿಳಿ, ಪೆನ್ನು ನಿಂತು ತಿರುಗಿದಲ್ಲಿ ದಟ್ಟ. ಒತ್ತಕ್ಷರದ ಒಂದೊಂದು ಸುತ್ತಿನಲ್ಲೂ ಕೈ ಎಲ್ಲಿ ನಿಧಾನವಾಯಿತು, ಎಲ್ಲಿ ಓಡಿತು ಎಂದು ಕಾಣುತ್ತಿತ್ತು. ಒದ್ದೆ ಬೆರಳಿಂದ ತಿಕ್ಕಿದರೆ ಅಂಚಿನಲ್ಲಿ ಸಣ್ಣಗೆ ನೇರಳೆ ಬಿಡುತ್ತಿತ್ತು. ನೀಲಿಯಲ್ಲಿ ಎಷ್ಟು ವರ್ಷ ಬರೆದಿದ್ದೆನೋ, ನನ್ನ ಅಕ್ಷರ ಇಷ್ಟು ಚಂದ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅವ್ವ ನಾಲ್ಕು ಸಲ ಕರೆದ ಮೇಲೆ ಎದ್ದು ಸೀರೆ ಉಡಲು ಹೋದೆ.

ಬಂದವರು ಐದು ಜನ. ಮಾತಾಡಿದವನು ಒಬ್ಬನೇ, ಹುಡುಗನ ಕಾಕಾ. ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಹೆಗಲ ಮೇಲೆ ಇಸ್ತ್ರಿ ಮಾಡಿದ ಟವೆಲು. ಹುಡುಗ ಯಾವುದೋ ಕಚೇರಿಯಲ್ಲಿ ಕಾರಕೂನ, ಅಂಗಿಯ ಜೇಬಿನಲ್ಲಿ ಬಾಲ್‌ಪೆನ್ನು. ಜಮಖಾನದ ಮೇಲೆ ಕೂತು ಉಪ್ಪಿಟ್ಟು, ಶಿರಾ ತಿಂದು ಚಹಾ ಕುಡಿದರು. ನನ್ನನ್ನು ಕರೆಸಿ ಬಾಗಿಲಿನಿಂದ ಕಿಟಕಿಯವರೆಗೆ ನಡೆಸಿ ನೋಡಿದರು. ಎತ್ತು ಕೊಳ್ಳುವವರೂ ಅಷ್ಟು ನೋಡುವುದಿಲ್ಲ. ಕಲಿತ ಹುಡುಗಿಯಾದರೆ ಬರೆಸಿ ನೋಡುವುದೂ ನಮ್ಮ ಕಡೆ ಒಂದು ಪದ್ಧತಿ. ನಿಜವಾಗಿ ಕಲಿತಿದ್ದಾಳೋ, ಹೆತ್ತವರು ಸುಳ್ಳು ಹೇಳುತ್ತಿದ್ದಾರೋ ಎಂದು ಪರೀಕ್ಷೆ!

"ತಂಗೀ, ನಿನ್ನ ಹೆಸರು, ನಿಮ್ಮಪ್ಪನ ಹೆಸರು ಬರದು ತೋರಸವಾ" ಎಂದ ಕಾಕಾ.

ಮಾರ್ಕ್ಸ್ ಕಾರ್ಡು ಅಪ್ಪನ ಮುಂದೆಯೇ ಇತ್ತು. ಅದನ್ನು ಅವರು ಮುಟ್ಟಿಯೂ ನೋಡಿರಲಿಲ್ಲ. ಹಲ್ಲು ಕಚ್ಚಿಕೊಂಡು ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ನನ್ನ ಪೆನ್ನು ತೆಗೆದು ಬರೆದೆ. ಯಾವ ಮಸಿ ಇದೆ ಎಂಬುದು ಆಗ ತಲೆಯಲ್ಲೇ ಇರಲಿಲ್ಲ, ಸಿಟ್ಟಿನಲ್ಲಿದ್ದೆ. ಆದರೂ ಕೈ ಕೆಡಲಿಲ್ಲ. ಮೇಲೆ ನನ್ನ ಹೆಸರು, ಕೆಳಗೆ ಅಪ್ಪನ ಹೆಸರು, ಅದರ ಕೆಳಗೆ ಊರು.

ಹಾಳೆ ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಮಸಿ ಆರಿ ಬೂದುಬಣ್ಣಕ್ಕೆ ತಿರುಗಿತ್ತು. ಕಾಕಾ ಕನ್ನಡಕ ಏರಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. "ಇದೇನವಾ, ಬೂದಿ ಬಣ್ಣ? ಮದುವಿ ಮಾತಿಗೆ ಕುಂತಾಗ ಯಾರರ ಬೂದಿ ಬಣ್ಣದಾಗ ಹೆಸರ ಬರೀತಾರನ? ಅಪಶಕುನ!"

ಅಕ್ಷರ ಹೇಗಿದೆ ಎಂದು ಒಬ್ಬರೂ ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. "ಕಾಕಾರ, ನಿಮ್ಮ ಹಣಿ ಮ್ಯಾಲೂ ಬೂದೀನ ಐತಲ್ರಿ" ಎಂದೆ. ವ್ಯಂಗ್ಯವಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದೆ. ಅವನ ಕೈ ತಾನಾಗಿಯೇ ಹಣೆಗೆ ಹೋಯಿತು. ಅಡುಗೆಮನೆಯ ಬಾಗಿಲ ಹಿಂದೆ ಅವ್ವ ಬೇಕೆಂದೇ ಬಳೆ ಸದ್ದು ಮಾಡಿದಳು.

"ಬಾಯಿ ಭಾಳ ಐತಿ ಹುಡುಗಿಗೆ" ಎಂದು ಕಾಕಾ ನಕ್ಕ, ಕಣ್ಣಲ್ಲಿ ನಗು ಇರಲಿಲ್ಲ. ಹುಡುಗನ ಜೇಬಿನಿಂದ ಬಾಲ್‌ಪೆನ್ನು ಕಿತ್ತು ನನ್ನ ಮುಂದೆ ಎಸೆದ. "ಹೋಗ್ಲಿ ಬಿಡು. ಇನ್ನೊಂದು ಹಾಳಿ ತಗೊಂಡು ನೀಲಿ ಬಣ್ಣದಾಗ ಚಂದಂಗಿ ಬರಿ." ಹುಡುಗ ತಲೆ ಎತ್ತಲಿಲ್ಲ. ಪೆನ್ನು ಅವನದು, ಮದುವೆ ಅವನದು, ಬಾಯಿಗೆ ಮಾತ್ರ ಬೀಗ.

ನಾನು ಬರೆಯುತ್ತಿದ್ದೆನೋ ಏನೋ. ಅಪ್ಪನ ಮುಖ ನೋಡಿ ಕೈ ಬಾಲ್‌ಪೆನ್ನಿನ ಕಡೆಗೆ ಹೋಗಿತ್ತು ಕೂಡ, ಅದನ್ನು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಕಾಕಾ ಎಲೆ ಅಡಿಕೆಯ ತಬಕ ಎಳೆದುಕೊಂಡು ಎಲೆಗೆ ಸುಣ್ಣ ಹಚ್ಚಿದ. ಎಲೆ ಮಡಿಚಿ ಬಾಯಿಗೆ ಇಟ್ಟುಕೊಂಡ. ಬೆರಳಿಗೆ ಅಂಟಿ ಉಳಿದ ಸುಣ್ಣವನ್ನು ನಾನು ಬರೆದ ಹಾಳೆಗೆ ಒರೆಸಿದ. ಅಪ್ಪನ ಹೆಸರಿನ ಮೇಲೆ, ಸರಿಯಾಗಿ ನಡುವೆ. ಒರೆಸುವಾಗ ಅವನು ಆ ಕಡೆ ನೋಡಿಯೂ ಇರಲಿಲ್ಲ. ಬರೆದ ಕಾಗದಕ್ಕೆ ಕಾಲು ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು. ನಾನು ಅಪ್ಪನನ್ನು ನೋಡಿದೆ. ಅಪ್ಪನೂ ನೋಡಿದ್ದ. ನೋಡಿ, ಜಮಖಾನದ ಪಟ್ಟೆಗಳನ್ನು ಎಣಿಸುವವನ ಹಾಗೆ ತಲೆ ತಗ್ಗಿಸಿದ.

ಥೂ, ಆ ಗಳಿಗೆ! ಎದ್ದು ಹೋಗಿ ಆ ಮನುಷ್ಯನ ತೊಡೆಯ ಬದಿಯಿಂದ ಹಾಳೆ ಎಳೆದುಕೊಂಡೆ. ಸೆರಗಿನಿಂದ ಸುಣ್ಣ ಒರೆಸಿದೆ, ಕಣ್ಣಿಗೊತ್ತಿಕೊಂಡೆ. "ಹೆಸರ ಬರದಾಗೈತ್ರಿ. ಇನ್ನೊಮ್ಮೆ ಬರಿಯಂಗಿಲ್ಲ" ಎಂದು ಒಳಗೆ ಹೋದೆ. ಹಿಂದಿನಿಂದ ಯಾರೋ "ಏಳ್ರಿ, ಹೋಗೂಣು" ಎಂದದ್ದು ಕೇಳಿಸಿತು.

ಮೂರು ದಿನಕ್ಕೆ, ಸಂಬಂಧ ತಂದಿದ್ದ ನಡುವಿನವನ ಬಾಯಲ್ಲಿ ಸುದ್ದಿ ಬಂತು. ಒಲ್ಲೆ ಅಂದರು. ಹುಡುಗಿಯ ಕೈ ಒಳ್ಳೆಯದಲ್ಲವಂತೆ! ಸುದ್ದಿ ಕೇಳಿದ ಅವ್ವ ನೆಟ್ಟಗೆ ಗೋಡೆಯ ಗೂಡಿಗೆ ಹೋಗಿ ಮಸಿಯ ಬಾಟಲಿ ತೆಗೆದು ಬಚ್ಚಲಿಗೆ ಸುರಿದಳು. ಒಂದು ಹನಿ ಬಿಡಲಿಲ್ಲ. "ಬೇಕಂತನ ಆ ಮಸಿ ತುಂಬಕೊಂಡ ಕುಂತಿದ್ದಿ. ಮದುವಿ ಮುರೀಬೇಕಂತನ ಮಾಡೀದಿ" ಎಂದು ಅತ್ತಳು. ನಾನು ಆಣೆ ಮಾಡಿ ಹೇಳಿದರೂ ನಂಬಲಿಲ್ಲ. ಓಣಿಯ ಹೆಂಗಸರಿಗೆ ನನ್ನ ಮಾತು ಯಾಕೆ ಬೇಕು, ಬೂದಿಯಲ್ಲಿ ಹೆಸರು ಬರೆದವಳು ಎಂಬ ಕಥೆ ನೀರಿನ ಕೊಡದ ಜೊತೆ ಮನೆ ಮನೆಗೆ ಹೋಯಿತು.

ಹೋಗಲಿ, ಅದೆಲ್ಲ ನುಂಗಿದೆ. ಫಾರ್ಮು ತಂದು ಅಪ್ಪನ ಮುಂದಿಟ್ಟೆ. "ಒಲ್ಲೆ ಅಂದ್ರಲ್ಲಪಾ. ಸಹಿ ಮಾಡು."

ಅಪ್ಪ ಫಾರ್ಮು ಮುಟ್ಟಲಿಲ್ಲ. "ಅವರು ಒಲ್ಲೆ ಅನ್ನಲಿಲ್ಲ. ನೀ ಅನಸಿದಿ. ಆ ಮಾತು ಬ್ಯಾರೆ, ಇದು ಬ್ಯಾರೆ" ಎಂದ.

ಕರಾರು ಮಾಡಿದವನು ಅವನು, ಮುರಿದವನೂ ಅವನು, ತಪ್ಪು ನನ್ನದು! ಅವರು ಹೂಂ ಅಂದಿದ್ದರೆ ನನ್ನ ಕಾರಣದಿಂದ ಹೂಂ ಅಂದರು, ಆದ್ದರಿಂದ ಮದುವೆ ಇಲ್ಲ ಎಂದು ಯಾರಾದರೂ ಹೇಳುತ್ತಿದ್ದರೇ? ಎಂಟು ದಿನ ಅಪ್ಪನೂ ನಾನೂ ಮಾತಾಡಲಿಲ್ಲ. ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ, ನೀರು ಸೇದುವಾಗ ನಾನು ಮನಸ್ಸಿನಲ್ಲೇ ಅವನ ಜೊತೆ ಜಗಳಾಡುತ್ತಿದ್ದೆ. ಅವನು ಹೀಗೆಂದರೆ ನಾನು ಹೀಗೆನ್ನಬೇಕು, ಅವನು ಹಾಗೆಂದರೆ ಹಾಗೆನ್ನಬೇಕು ಎಂದು ಒಂದೊಂದು ಮಾತನ್ನೂ ಹುರಿ ಹಾಕಿ ಇಟ್ಟುಕೊಂಡಿದ್ದೆ. ರೊಟ್ಟಿಗಳು ಎಂದಿಗಿಂತ ತೆಳ್ಳಗಾಗುತ್ತಿದ್ದವು, ಬಡಿತ ಹಾಗಿತ್ತು.

ಫಾರ್ಮು ಕೊಡುವ ಕೊನೆಯ ದಿನ ಬಂತು. ಬೆಳಗಿನ ಬಸ್ಸು ತಪ್ಪಿದರೆ ಆ ವರ್ಷವೂ ತಪ್ಪಿತು. ಮುಂದಿನ ವರ್ಷದೊಳಗೆ ಇನ್ನೊಂದು ಮನೆತನದವರು ಉಪ್ಪಿಟ್ಟು ತಿನ್ನಲು ಬಂದೇ ಬರುತ್ತಾರೆ. ತಲೆ ಬಾಚಿ, ಚಪ್ಪಲಿ ಹಾಕಿಕೊಂಡೇ ಹೊರಗಿನ ಕಟ್ಟೆಗೆ ಹೋದೆ. ಅಪ್ಪ ಪೂಜೆ ಮುಗಿಸಿ ಕೂತಿದ್ದ. ಫಾರ್ಮು, ಆ ಬೂದು ಮಸಿ ಇನ್ನೂ ಉಳಿದಿದ್ದ ನನ್ನ ಪೆನ್ನು, ಎರಡನ್ನೂ ಅವನ ಮುಂದಿಟ್ಟು ನಿಂತೆ.

ಅಪ್ಪ ಆ ಖಾಲಿ ಜಾಗದ ಮೇಲೆ ಬೆರಳಿಟ್ಟ. "ಒಂದು ಖರೇ ಹೇಳು. ಬೇಕಂತ ಮಾಡಿದೇನು?"

"ಇಲ್ಲಪಾ. ಮಸಿ ಹೆಂಗೈತಿ ಅಂತ ನೋಡಾಕ ತುಂಬಿದ್ದೆ, ಅಷ್ಟ" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸುವ ಜಾತಿ ನನ್ನದಲ್ಲ. "ಆದ್ರ ಅವರು ಎಂಥಾವರಂತ ಮೊದಲ ಗೊತ್ತಿದ್ದಿದ್ರ, ಬೇಕಂತನ ಮಾಡ್ತಿದ್ದೆ."

"ನೋಡ್ರಿ, ನೋಡ್ರಿ ಇಕಿ ಬಾಯಿ!" ಎಂದಳು ಅವ್ವ ಒಳಗಿಂದ.

ಅಪ್ಪ ಪೆನ್ನು ತೆಗೆದುಕೊಂಡ. ಫಾರ್ಮನ್ನು ತೊಡೆಯ ಮೇಲೆ ಇಟ್ಟುಕೊಂಡು, ತನ್ನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದು ಸಹಿ ಮಾಡಿದ.

ಬೇರೆ ಯಾರಾದರೂ ಆಗಿದ್ದರೆ ಫಾರ್ಮು ಕಿತ್ತುಕೊಂಡು ಬಸ್ಸಿಗೆ ಓಡುತ್ತಿದ್ದರು. ನಾನು ಓಡಲಿಲ್ಲ. ಎಂಟು ದಿನ ಹೊತ್ತುಕೊಂಡು ತಿರುಗಿದ್ದನ್ನು ಎಲ್ಲಿ ಇಳಿಸಲಿ? "ಸಹಿ ಸಾಲೂದಿಲ್ಲಪಾ" ಎಂದೆ. "ಅವತ್ತ ಅವರ ಮುಂದ ನೀ ಒಂದ ಮಾತ ಆಡಬೇಕಿತ್ತು. ಒಂದ ಮಾತ."

ಕೆನ್ನೆಗೆ ಬೀಳುತ್ತದೆ ಎಂದೇ ತಿಳಿದಿದ್ದೆ. ಬಿದ್ದರೆ ಏನೆನ್ನಬೇಕು ಎಂಬುದೂ ನನ್ನ ಬಳಿ ತಯಾರಿತ್ತು.

ಅಪ್ಪ ಪೆನ್ನಿನ ಟೊಪ್ಪಿಗೆ ಹಾಕಿ, ಫಾರ್ಮಿನ ಮೇಲಿಟ್ಟು ಎರಡನ್ನೂ ನನ್ನ ಕೈಗೆ ಕೊಟ್ಟ. "ಹೌದವ್ವಾ" ಎಂದ. "ಆಡಬೇಕಿತ್ತು."

ಅಷ್ಟೇ. ಜಗಳಾಡಲು ಏನೂ ಉಳಿಯದಂತೆ ಮಾಡಿಬಿಟ್ಟನಲ್ಲ ಎಂದು ಅದಕ್ಕೂ ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಕೂತು, ನವಲಗುಂದ ಬರುವವರೆಗೂ ಆ ಸಿಟ್ಟಿನಲ್ಲೇ ಅಳುತ್ತ ಹೋದೆ.